ಮೂಲೆಗೆ ಬಿದ್ದ ಆಟಗಳಲ್ಲಿ ಕಂಡ ಕಾಯಕ



ಮನೆಯ ಹಿರಿಯನೆನಿಸಿಕೊಂಡವನು ತನ್ನ ತಪ್ಪನ್ನು ಹತ್ತು ಮಂದಿಯ ಮುಂದೆ ಹೇಳಿಕೊಳ್ಳುವುದು ನಮ್ಮಲ್ಲಿ ಅಷ್ಟಾಗಿ ರೂಢಿಯಲ್ಲಿಲ್ಲ. ಆದರೆ ನಮ್ಮ ಶರಣರು ತಮ್ಮ ಕುಂದುಗಳನ್ನು ತಾವೇ ಎತ್ತಿ ಆಡಿದವರು. ಅವರ ದಾರಿಯಲ್ಲಿ ನಡೆಯುವ ಆಸೆಯುಳ್ಳ ನಾನು ಮೂವತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ಒಂದು ಸಂಗತಿಯನ್ನು ಈ ಪುಟಗಳಲ್ಲಿ ಹೇಳಬಯಸಿದ್ದೇನೆ. ಅದರ ಜೊತೆಗೆ, ನಮ್ಮ ಕುಟುಂಬಗಳಲ್ಲಿ ಯಾರೂ ಅಷ್ಟಾಗಿ ಮಾತನಾಡದ ಒಂದು ವಿಷಯವನ್ನೂ ಹೇಳಬೇಕಾಗಿದೆ. ಅದು ದೂರದರ್ಶನದ ಪರದೆಯ ಮೇಲೆ ಮಕ್ಕಳು ಆಡುವ ಆಟಗಳ ವಿಷಯ.

1993ನೆಯ ಇಸವಿಯ ಮಾತು. ನಾನಾಗ ಧಾರವಾಡ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಮಗ ಅದೇ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿದ್ದ. ಅವನ ಸೋದರಮಾವ ಮುಂಬಯಿಯಿಂದ ಬರುವಾಗ ದೂರದರ್ಶನಕ್ಕೆ ಜೋಡಿಸಿ ಆಡುವ ಒಂದು ಯಂತ್ರವನ್ನೂ ನಾಲ್ಕಾರು ಕ್ಯಾಸೆಟ್ಟುಗಳನ್ನೂ ತಂದುಕೊಟ್ಟಿದ್ದರು. ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಗನ ಗಣಿತದ ಅಂಕಗಳು ಇಳಿದವು. ಅವನ ನೋಟುಪುಸ್ತಕ ತೆರೆದು ನೋಡಿದರೆ ಕೊನೆಯ ಹಾಳೆಗಳ ತುಂಬ ಗೆರೆಗಳು, ಚೌಕಗಳು, ಅರ್ಥವಾಗದ ಚಿಹ್ನೆಗಳು. ಆಟದ ಹುಚ್ಚು ಇಲ್ಲಿಗೆ ಬಂದಿತೇ ಎಂದು ಸಿಟ್ಟಿಗೆದ್ದು ಆ ಹಾಳೆಗಳನ್ನು ಹರಿದೆ. ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ತಿಂಗಳ ನಂತರ ಅದನ್ನು ಬೇರೊಬ್ಬರ ಮನೆಗೆ ಕೊಟ್ಟುಬಿಟ್ಟೆ. ಹುಡುಗ ಅಳಲಿಲ್ಲ, ಕೇಳಲೂ ಇಲ್ಲ. ಮುಂದೆ ಅವನು ಚೆನ್ನಾಗಿ ಓದಿದ, ಇಂಜಿನಿಯರನಾದ, ಇಂಗ್ಲೆಂಡಿಗೆ ಹೋದ. ಇದೆಲ್ಲವೂ ನನ್ನ ಶಿಸ್ತಿನ ಫಲವೆಂದು ನಾನು ಅನೇಕ ಪಾಲಕರ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿದ್ದುಂಟು.

2023ರಲ್ಲಿ ನಾನು ಮತ್ತು ನನ್ನ ಮನೆಯವರು ಮಗನ ಮನೆಯಲ್ಲಿ ಐದು ತಿಂಗಳಿದ್ದೆವು. ಹೋದ ಮೊದಲ ದಿನವೇ ಮೇಲಿನ ಕೋಣೆಯಲ್ಲಿ ಒಂದು ಕಪಾಟು ಕಣ್ಣಿಗೆ ಬಿತ್ತು. ಅದರ ತುಂಬ ಹಳೆಯ ಆಟದ ಯಂತ್ರಗಳು, ಬೂದುಬಣ್ಣದ ಕ್ಯಾಸೆಟ್ಟುಗಳು. ಪಕ್ಕದಲ್ಲಿ ನಮ್ಮ ಊರಿನಲ್ಲಿ ಈಗ ಯಾರೂ ಇಟ್ಟುಕೊಳ್ಳದ ದಪ್ಪ ಗಾಜಿನ ಹಳೆಯ ದೂರದರ್ಶನ ಪೆಟ್ಟಿಗೆ. ಹನ್ನೊಂದು ವರ್ಷದ ಮೊಮ್ಮಗ ಅದರೆದುರು ಕುಳಿತಿದ್ದ. ನನ್ನ ಮನಸ್ಸಿಗೆ ಪಿಚ್ಚೆನಿಸಿತು. ನಾನು ಬೀಗ ಹಾಕಿದ ಬೀರು ಮೂವತ್ತು ವರ್ಷಗಳ ನಂತರ ಇಲ್ಲಿ ಬಾಗಿಲು ತೆರೆದು ನಿಂತಂತೆ ಕಂಡಿತು. ಆದರೆ ಅದು ನನ್ನ ಮನೆಯಲ್ಲ, ಮಗನ ಮನೆ. ಸುಮ್ಮನಿದ್ದೆ.

ಮೂರನೆಯ ದಿನ ಸಂಜೆ ನನ್ನ ಮನೆಯವರು ಮೊಮ್ಮಗನ ಪಕ್ಕದಲ್ಲಿ ಕುಳಿತು, ‘ಏನು ಮಾಡಾಕತ್ತೀಯಪಾ?’ ಎಂದು ಕೇಳಿದರು. ಅವನಿಗೆ ಕನ್ನಡ ತಿಳಿಯುತ್ತದೆ, ಆಡುವಾಗ ಮಾತ್ರ ತಡವರಿಸುತ್ತಾನೆ. ‘ಅಜ್ಜಿ, ಜೀವ ಬಿಡಿಸಾಕತ್ತೀನಿ’ ಎಂದ. ಬಾಗಿಲಲ್ಲಿ ನಿಂತಿದ್ದ ನಾನು ಆ ಮಾತು ಕೇಳಿ ಒಳಗೆ ಬಂದೆ. ಅವನು ಜೀವ ತೆಗೆಯುತ್ತಿದ್ದೇನೆ ಎಂದಿದ್ದರೆ ನಾನು ಆಶ್ಚರ್ಯಪಡುತ್ತಿರಲಿಲ್ಲ.

ಆ ಆಟದ ಹೆಸರು ಸೋಲ್ ಬ್ಲೇಜರ್. ಜಪಾನಿನ ಕ್ವಿಂಟೆಟ್ ಎಂಬ ಸಂಸ್ಥೆ ಅದನ್ನು ರೂಪಿಸಿತು. ಎನಿಕ್ಸ್ ಸಂಸ್ಥೆ 1992ರಲ್ಲಿ ಸೂಪರ್ ನಿಂಟೆಂಡೊ ಯಂತ್ರಕ್ಕಾಗಿ ಪ್ರಕಟಿಸಿತು. ಕಥೆ ಹೀಗಿದೆ. ಮ್ಯಾಗ್ರಿಡ್ ಎಂಬ ಅರಸ ಹೊನ್ನಿನ ಆಸೆಗೆ ಬಿದ್ದವನು. ಲಿಯೊ ಎಂಬ ವಿಜ್ಞಾನಿಯನ್ನು ಸೆರೆಯಲ್ಲಿಟ್ಟು, ದುಷ್ಟಶಕ್ತಿಯೊಂದನ್ನು ಬರಮಾಡುವ ಯಂತ್ರವನ್ನು ಅವನಿಂದ ಮಾಡಿಸುತ್ತಾನೆ. ಬಂದ ದುಷ್ಟಶಕ್ತಿಯೊಡನೆ ಒಪ್ಪಂದ ಮಾಡಿಕೊಳ್ಳುತ್ತಾನೆ: ಒಂದು ಜೀವಕ್ಕೆ ಒಂದು ಹೊನ್ನಿನ ನಾಣ್ಯ. ಹೀಗೆ ಮನುಷ್ಯರು, ಪ್ರಾಣಿಗಳು, ಗಿಡಮರಗಳು ಒಂದೊಂದಾಗಿ ಮಾರಾಟವಾಗಿ ಭೂಮಿ ಬರಿದಾಗುತ್ತದೆ. ಸೃಷ್ಟಿಕರ್ತನು ತನ್ನ ಸೇವಕನೊಬ್ಬನನ್ನು ಭೂಮಿಗೆ ಕಳುಹಿಸುತ್ತಾನೆ. ಆಟವಾಡುವ ಮಗುವೇ ಆ ಸೇವಕ.

ಇಲ್ಲಿ ಕತ್ತಿಯಿಲ್ಲವೇ? ಇದೆ. ರಾಕ್ಷಸರಿಲ್ಲವೇ? ಇದ್ದಾರೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ರಾಕ್ಷಸರು ಹೊರಬರುವ ಒಂದೊಂದು ಗೂಡನ್ನು ಅಡಗಿಸಿದಾಗಲೂ ಅದರಲ್ಲಿ ಸೆರೆಸಿಕ್ಕಿದ್ದ ಒಂದು ಜೀವ ಬಿಡುಗಡೆಯಾಗುತ್ತದೆ. ಬರಿದಾಗಿದ್ದ ಬಯಲಿನಲ್ಲಿ ಒಂದು ಮನೆ ಏಳುತ್ತದೆ. ಆ ಮನೆಯಲ್ಲಿ ಒಬ್ಬ ಮುದುಕ ಕಾಣಿಸಿಕೊಳ್ಳುತ್ತಾನೆ. ಮುಂದಿನ ಗೂಡಿನಿಂದ ಒಂದು ಮೇಕೆ, ಮತ್ತೊಂದರಿಂದ ಒಂದು ಹೂವಿನ ಗಿಡ. ಪ್ರಾಣಿಗಳೇ ಒಕ್ಕಲಾಗಿರುವ ಒಂದು ಕಾಡಿನ ಊರಿದೆ, ಸಮುದ್ರದ ತಳದಲ್ಲೊಂದು ಊರಿದೆ. ಲಿಯೊನ ಪ್ರಯೋಗಶಾಲೆಯಲ್ಲಂತೂ ಗೊಂಬೆಗಳೂ ಪೀಠೋಪಕರಣಗಳೂ ಜೀವ ತಳೆದು ಮಾತನಾಡುತ್ತವೆ. ಬೆಟ್ಟದ ಊರಿನಲ್ಲಿರುವ ಒಂದು ಕುಬ್ಜ ಜನಾಂಗದ ಆಯಸ್ಸು ಒಂದೇ ವರ್ಷ. ಅಷ್ಟರಲ್ಲಿಯೇ ಹುಟ್ಟು, ಪ್ರೀತಿ, ಮುಪ್ಪು, ಸಾವು ಎಲ್ಲವೂ ಮುಗಿಯುತ್ತವೆ. ಬಿಡುಗಡೆಯಾದ ಪ್ರತಿಯೊಂದು ಜೀವಕ್ಕೂ ಹೇಳಲು ಒಂದು ಮಾತಿದೆ. ಅವುಗಳನ್ನು ಕೇಳದೆ ಮುಂದೆ ಓಡುವವನಿಗೆ ದಾರಿ ತಿಳಿಯುವುದಿಲ್ಲ.

ಇಂತಹ ಆಟಗಳನ್ನು ರೋಲ್ ಪ್ಲೇಯಿಂಗ್ ಆಟಗಳೆಂದು ಕರೆಯುತ್ತಾರೆ. ಬಯಲಾಟದಲ್ಲಿ ವೇಷ ಕಟ್ಟಿದವನು ಬೆಳಗಾಗುವ ತನಕ ಆ ಪಾತ್ರವೇ ಆಗಿರುವಂತೆ, ಇಲ್ಲಿ ಆಡುವವನು ಇಪ್ಪತ್ತು ಮೂವತ್ತು ಗಂಟೆಗಳ ಕಾಲ ಒಂದು ಪಾತ್ರವನ್ನು ಹೊತ್ತು ನಡೆಯುತ್ತಾನೆ. ಆ ಆಟವನ್ನು ಒಂದೇ ಸಲಕ್ಕೆ ಆಡಿ ಮುಗಿಸಲಾಗದು. ನಿನ್ನೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಇಂದು ಮುಂದುವರಿಸಬೇಕು. ಅದಕ್ಕಾಗಿ ಕ್ಯಾಸೆಟ್ಟಿನೊಳಗೆ ನಾಣ್ಯದ ಗಾತ್ರದ ಒಂದು ಬ್ಯಾಟರಿಯಿದ್ದು, ವಿದ್ಯುತ್ತು ನಿಂತ ಮೇಲೂ ನೆನಪನ್ನು ಕಾಪಾಡುತ್ತದೆ. 1990ರ ದಶಕದಲ್ಲಿ ನಮ್ಮ ಊರುಗಳಿಗೆ ಬಂದವು ಹೆಚ್ಚಾಗಿ ಜಿಗಿಯುವ, ಗುಂಡು ಹಾರಿಸುವ ಚಿಕ್ಕ ಆಟಗಳು. ಈ ಬಗೆಯ ಕಥೆಯುಳ್ಳ ದೀರ್ಘ ಆಟಗಳು ನಮ್ಮ ಕಣ್ಣಿಗೆ ಬೀಳಲಿಲ್ಲ. ಆದುದರಿಂದ ಆಟವೆಂದರೆ ಬರಿಯ ಗುಂಡಿನ ಸದ್ದು ಎಂದು ನನ್ನಂಥವರು ತೀರ್ಮಾನಿಸಿದೆವು.

ಕ್ವಿಂಟೆಟ್ ಸಂಸ್ಥೆಯನ್ನು 1989ರಲ್ಲಿ ಕಟ್ಟಿದವರು ತೊಮೊಯೊಶಿ ಮಿಯಾಜಾಕಿ ಮತ್ತು ಮಸಾಯಾ ಹಾಶಿಮೊಟೊ. ಮೊದಲು ಫಾಲ್ಕಮ್ ಎಂಬ ಸಂಸ್ಥೆಯಲ್ಲಿದ್ದವರು. 1990ರ ಕೊನೆಯಲ್ಲಿ ಇವರು ಹೊರತಂದ ಆಕ್ಟ್‌ರೇಸರ್ ಎಂಬ ಆಟದಲ್ಲಿ ಆಡುವವನೇ ದೇವರು. ರಾಕ್ಷಸರನ್ನು ಓಡಿಸಿ, ಭೂಮಿಯನ್ನು ಹಸನುಮಾಡಿ, ಜನರು ಊರು ಕಟ್ಟಿಕೊಳ್ಳಲು ನೆರವಾಗುತ್ತಾನೆ. ಕೊನೆಗೆ ನೆಮ್ಮದಿಯಾಗಿರುವ ಜನರು ಗುಡಿಗೆ ಬರುವುದನ್ನೇ ಬಿಡುತ್ತಾರೆ. ಗುಡಿ ಖಾಲಿಯಾಗಿರುತ್ತದೆ. ದೇವರು ಅದಕ್ಕೆ ಮುನಿಯುವುದಿಲ್ಲ. ಸ್ಥಾವರದ ವಿಷಯದಲ್ಲಿ ನಮ್ಮ ಶರಣರು ತಾಳಿದ ನಿಲುವನ್ನು ಬಲ್ಲವರಿಗೆ ಆ ಖಾಲಿ ಗುಡಿಯ ದೃಶ್ಯ ಬಹುಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ.

ಹಾಗಾದರೆ ಇವು ಮೂಲೆಗೆ ಬಿದ್ದದ್ದೇಕೆ? ಅದೇ ಕಾಲದಲ್ಲಿ ಫೈನಲ್ ಫ್ಯಾಂಟಸಿ, ಡ್ರ್ಯಾಗನ್ ಕ್ವೆಸ್ಟ್, ಜೆಲ್ಡಾ ಮುಂತಾದ ಹೆಸರುಗಳು ಮೆರೆಯುತ್ತಿದ್ದವು. ದೊಡ್ಡ ಆಲದ ನೆರಳಿನಲ್ಲಿ ಸಣ್ಣ ಗಿಡ ಕಾಣದು. ಆಕ್ಟ್‌ರೇಸರ್‌ಗೆ 2021ರಲ್ಲಿ ಹೊಸ ರೂಪ ದೊರೆಯಿತು. ಉಳಿದವುಗಳ ಹೆಸರು ಹಳೆಯ ಆಟಗಳ ಅಭಿಮಾನಿಗಳ ಬಾಯಲ್ಲಿ ಉಳಿಯಿತು. ಕ್ವಿಂಟೆಟ್ ಸಂಸ್ಥೆ ಕಾಲಕ್ರಮದಲ್ಲಿ ಕಣ್ಮರೆಯಾಯಿತು.

ಈ ಬಗೆಯ ಆಟಗಳಲ್ಲಿ ಒಂದು ದುರಭ್ಯಾಸವಿದೆ. ಕಥಾನಾಯಕನು ಯಾರ ಮನೆಗಾದರೂ ಹೇಳದೆ ಕೇಳದೆ ನುಗ್ಗುತ್ತಾನೆ, ಕಪಾಟು ತೆಗೆಯುತ್ತಾನೆ, ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ. ಮನೆಯವರು ನೋಡುತ್ತ ನಿಂತಿರುತ್ತಾರೆ. ಇದನ್ನು ಕಂಡು ನನ್ನ ಮನೆಯವರಿಗೆ ನಗು ತಡೆಯಲಾಗಲಿಲ್ಲ. ಅವರು ಮೊಮ್ಮಗನಿಗೆ ಆಯ್ದಕ್ಕಿ ಮಾರಯ್ಯನ ಕಥೆ ಹೇಳಿದರು. ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ಅದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ಮರಳಿ ಕಳುಹಿಸಿದ ಕಥೆ. ಹುಡುಗ ಸ್ವಲ್ಪ ಯೋಚಿಸಿ, ‘ಲಕ್ಕಮ್ಮನಂಥ ಆಟ ಒಂದೈತಿ’ ಎಂದು ಇನ್ನೊಂದನ್ನು ತೋರಿಸಿದ.

ಅದರ ಹೆಸರು ಮೂನ್. ಲವ್-ಡಿ-ಲಿಕ್ ಎಂಬ ಜಪಾನಿ ತಂಡ 1997ರಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಮಾಡಿದ್ದು. ಅದು ಜಪಾನಿನ ಹೊರಗಿನವರಿಗೆ ಇಂಗ್ಲಿಷಿನಲ್ಲಿ ಸಿಕ್ಕಿದ್ದು 23 ವರ್ಷಗಳ ನಂತರ, 2020ರಲ್ಲಿ, ಸ್ವಿಚ್ ಎಂಬ ಯಂತ್ರದ ಮೇಲೆ. ಕಥೆಯ ಆರಂಭದಲ್ಲಿ ಒಬ್ಬ ಹುಡುಗ ರಾತ್ರಿ ಆಟವಾಡುತ್ತಿರುತ್ತಾನೆ. ಆಟ ಸಾಕು ಮಲಗು ಎಂದು ತಾಯಿ ಗದರುತ್ತಾಳೆ. ಅವನು ಯಂತ್ರವನ್ನು ಆರಿಸಿದರೂ ಪರದೆ ಮತ್ತೆ ಹೊತ್ತಿಕೊಂಡು ಅವನನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಹೊಕ್ಕು ನೋಡಿದರೆ, ತಾನು ಇಷ್ಟು ಹೊತ್ತು ಆಡಿಸುತ್ತಿದ್ದ ವೀರನು ನಿಜಕ್ಕೂ ವೀರನಲ್ಲ. ಕಂಡ ಪ್ರಾಣಿಗಳನ್ನು ಕೊಲ್ಲುವವನು, ಮನೆಗಳ ಕಪಾಟು ದೋಚುವವನು. ಹುಡುಗನ ಕೆಲಸ ಆ ವೀರನ ಹಿಂದೆ ಹಿಂದೆಯೇ ಹೋಗಿ, ಸತ್ತುಬಿದ್ದ ಪ್ರಾಣಿಗಳ ಆತ್ಮಗಳನ್ನು ಹುಡುಕಿ ಕಾಪಾಡುವುದು. ಊರಿನ ಜನರು ಯಾವ ವಾರ ಯಾವ ಹೊತ್ತಿಗೆ ಎಲ್ಲಿರುತ್ತಾರೆ, ಯಾರಿಗೆ ಏನು ದುಃಖ ಎಂಬುದನ್ನು ತಾಳ್ಮೆಯಿಂದ ತಿಳಿದು ನೆರವಾಗುವುದು. ಆಗ ಅವನಿಗೆ ಸಿಗುವುದು ಹೊನ್ನಲ್ಲ, ಪ್ರೀತಿ. ಪ್ರೀತಿ ಹೆಚ್ಚಿದಷ್ಟೂ ಅವನು ನಿದ್ದೆಯಿಲ್ಲದೆ ಹೆಚ್ಚು ಹೊತ್ತು ನಡೆಯಬಲ್ಲ.

ಆ ಆಟದಲ್ಲಿ ಕಣ್ಣು ಕಾಣದ ಒಬ್ಬ ಅಜ್ಜಿಯಿದ್ದಾಳೆ. ಅವಳು ಈ ಹುಡುಗನನ್ನು ಕಳೆದುಹೋದ ತನ್ನ ಮೊಮ್ಮಗನೆಂದು ತಿಳಿದು ಒಳಗೆ ಕರೆಯುತ್ತಾಳೆ, ಮಲಗಲು ಹಾಸಿಗೆ ಕೊಡುತ್ತಾಳೆ, ತಿನ್ನಲು ಬಿಸ್ಕತ್ತು ಮಾಡಿಕೊಡುತ್ತಾಳೆ. ನನ್ನ ಮನೆಯವರು ಆ ಅಜ್ಜಿ ಪರದೆಯ ಮೇಲೆ ಬಂದಾಗಲೆಲ್ಲ ಕೈಯ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಮೊಮ್ಮಗನೂ ದಿನದ ಆಟ ನಿಲ್ಲಿಸುವ ಮುನ್ನ ಆ ಅಜ್ಜಿಯ ಮನೆಗೆ ಹೋಗಿಯೇ ಮಲಗಿಸುತ್ತಿದ್ದ. ಈ ಕಥೆಯ ಕೊನೆಯ ಬಾಗಿಲು ಆಟದ ಒಳಗಿಲ್ಲ, ಹೊರಗಿದೆ. ಆಟವನ್ನು ಬಿಟ್ಟು ಎದ್ದವನಿಗೆ ಮಾತ್ರ ಅದು ತೆರೆಯುತ್ತದೆ. ಆಟ ಬಿಟ್ಟು ಏಳು ಎಂದು ಮಗುವಿಗೆ ಒಂದು ಆಟವೇ ಹೇಳುವುದನ್ನು ನಾನು ಅದೇ ಮೊದಲು ಕಂಡೆ.

ಇನ್ನು ನನ್ನ ಮನಸ್ಸನ್ನು ಪೂರ್ಣವಾಗಿ ಬದಲಿಸಿದ ಆಟಕ್ಕೆ ಬರುತ್ತೇನೆ. ಅದು ಟೆರಾನಿಗ್ಮಾ. ಅದೂ ಕ್ವಿಂಟೆಟ್‌ನವರದೇ. ಜಪಾನಿನಲ್ಲಿ 1995ರ ಅಕ್ಟೋಬರಿನಲ್ಲಿ ಬಂದಿತು. ಆ ವೇಳೆಗೆ ಪ್ಲೇಸ್ಟೇಷನ್ ಬಂದು ಜನರ ಕಣ್ಣು ಅತ್ತ ತಿರುಗಿತ್ತು. ಎನಿಕ್ಸ್ ತನ್ನ ಅಮೆರಿಕದ ಶಾಖೆಯನ್ನು ಮುಚ್ಚಿದ್ದರಿಂದ ಅಮೆರಿಕದ ಅಂಗಡಿಗಳಿಗೆ ಈ ಆಟ ಹೋಗಲೇ ಇಲ್ಲ. ಯೂರೋಪಿಗೆ ಮಾತ್ರ 1996ರ ಕೊನೆಯಲ್ಲಿ ಬಂದಿತು. ಮಗ ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೆ ಹಳೆಯ ವಸ್ತುಗಳ ಅಂಗಡಿಯಲ್ಲಿ ಇದರ ಕ್ಯಾಸೆಟ್ಟನ್ನು ಕೊಂಡನಂತೆ.

ಆರ್ಕ್ ಎಂಬ ತುಂಟ ಹುಡುಗ ಪಾತಾಳದ ಕ್ರಿಸ್ಟಾ ಎಂಬ ಊರಿನವನು. ತೆರೆಯಬಾರದ ಬಾಗಿಲನ್ನು ತೆರೆಯುತ್ತಾನೆ. ಊರಿನವರೆಲ್ಲ ಹೆಪ್ಪುಗಟ್ಟಿ ಕಲ್ಲಿನಂತಾಗುತ್ತಾರೆ. ಊರ ಹಿರಿಯನ ಮಾತಿನಂತೆ ಐದು ಗೋಪುರಗಳಿಗೆ ಹೋಗಿ ಅವರನ್ನು ಎಚ್ಚರಿಸುತ್ತ ಹೋದಂತೆ, ಅತ್ತ ಮೇಲಿನ ಭೂಮಿಯಲ್ಲಿ ಮುಳುಗಿದ್ದ ಖಂಡಗಳು ಒಂದೊಂದಾಗಿ ಮೇಲೇಳುತ್ತವೆ. ಆಮೇಲೆ ಆರ್ಕ್ ಒಬ್ಬನೇ ಮೇಲಿನ ಲೋಕಕ್ಕೆ ಬರುತ್ತಾನೆ. ಅದು ನಮ್ಮದೇ ಭೂಮಿ, ನಮ್ಮದೇ ಭೂಪಟ. ಆದರೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಮೊದಲು ಗಿಡಮರಗಳಿಗೆ ಜೀವ ತುಂಬಬೇಕು, ಆಮೇಲೆ ಹಕ್ಕಿಗಳಿಗೆ, ಆಮೇಲೆ ಮೃಗಗಳಿಗೆ, ಎಲ್ಲಕ್ಕೂ ಕೊನೆಯಲ್ಲಿ ಮನುಷ್ಯರಿಗೆ.

ಇಂಗ್ಲಿಷಿನ ಸಾಲುಗಳನ್ನು ಮೊಮ್ಮಗ ಓದುವುದು, ಅಜ್ಜಿಗಾಗಿ ಅದನ್ನು ಕನ್ನಡದಲ್ಲಿ ಹೇಳುವುದು ಎಂಬ ನಿಯಮ ನಮ್ಮಲ್ಲಿ ತಾನಾಗಿಯೇ ಬೆಳೆಯಿತು. ಒಂದು ದಿನ ಮರಳಿ ಬದುಕಿಸುವುದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದ. ನಾನು ಮೇಷ್ಟರ ಗತ್ತಿನಲ್ಲಿ ‘ಪುನರುಜ್ಜೀವನ’ ಎಂದೆ. ಅವನಿಗೆ ನಾಲಿಗೆ ಹೊರಳಲಿಲ್ಲ. ‘ಜೀವ ತುಂಬೋದು ಅನ್ನು’ ಎಂದರು ಅಜ್ಜಿ. ಅಂದಿನಿಂದ ಅವನು ಹಕ್ಕಿಗೆ ಜೀವ ತುಂಬಿದೆ, ಗಾಳಿಗೆ ಜೀವ ತುಂಬಿದೆ ಎಂದು ಅಡುಗೆಮನೆಯವರೆಗೆ ಓಡಿಬಂದು ಹೇಳುತ್ತಿದ್ದ. ನಾಲ್ಕು ವರ್ಷ ದೂರವಾಣಿಯಲ್ಲಿ ನಾನು ಕಲಿಸಿದ ಕನ್ನಡಕ್ಕಿಂತ ಹೆಚ್ಚು ಕನ್ನಡ ಆ ಒಂದು ತಿಂಗಳಿನಲ್ಲಿ ಅವನ ಬಾಯಿಗೆ ಬಂದಿತು.

ಒಂದು ಸಂಜೆ ಯಂತ್ರ ಹೊತ್ತಿಸಿದರೆ ಇಪ್ಪತ್ತು ಗಂಟೆಗಳ ಆಟ ಅಳಿಸಿಹೋಗಿತ್ತು. ಹಳೆಯ ಬ್ಯಾಟರಿಯ ಶಕ್ತಿ ತೀರಿತ್ತು. ಹುಡುಗ ಮುಖ ಮುಚ್ಚಿಕೊಂಡು ಕುಳಿತುಬಿಟ್ಟ. ಮಗ ಕೆಲಸದಿಂದ ಬಂದವನು ಕ್ಯಾಸೆಟ್ಟನ್ನು ಬಿಚ್ಚಿ, ಬೆಸುಗೆ ಹಾಕಿ ಹೊಸ ಬ್ಯಾಟರಿ ಕೂರಿಸಿದ. ಹೊಸ ಬ್ಯಾಟರಿ ಹಳೆಯ ನೆನಪನ್ನು ಮರಳಿಸದು. ಆಗ ನಾನು, ಬಾ, ಮೊದಲಿನಿಂದ ಇಬ್ಬರೂ ಮಾಡೋಣ ಎಂದೆ. ಮಗ ತಲೆಯೆತ್ತಿ ನನ್ನನ್ನು ನೋಡಿದ. ಏನನ್ನೂ ಹೇಳಲಿಲ್ಲ.

ಎರಡನೆಯ ಸಲ ಆಡುವಾಗ ನಾನು ಪ್ರತಿಯೊಂದು ಮಾತನ್ನೂ ಕೇಳಿದೆ. ಹಿಮಪಾತದಲ್ಲಿ ಆರ್ಕ್ ಒಂದು ಗುಹೆಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಜೊತೆಯಲ್ಲಿರುವುದು ಗಂಡನನ್ನು ಕಳೆದುಕೊಂಡ ಒಂದು ಮೇಕೆ. ತಿನ್ನಲು ಏನೂ ಇಲ್ಲ. ಸತ್ತ ಗಂಡನ ದೇಹದಿಂದ ಹಸಿವು ನೀಗಿಸಿಕೊಂಡು ಬದುಕು ಎಂದು ಆ ಮೇಕೆ ಅವನಿಗೆ ಹೇಳುತ್ತದೆ. ಮೊಮ್ಮಗ ನನ್ನ ಮುಖ ನೋಡಿದ. ತಲೆತಲಾಂತರದಿಂದ ಮಾಂಸ ಮುಟ್ಟದ ಮನೆತನ ನಮ್ಮದು. ಏನು ಹೇಳಬೇಕೆಂದು ನನಗೂ ತಿಳಿಯಲಿಲ್ಲ. ಆಟವನ್ನು ನಿಲ್ಲಿಸಿ, ಹಸಿವು, ಬದುಕು, ದಯೆ ಈ ಮೂರರ ವಿಷಯವಾಗಿ ಅಂದು ರಾತ್ರಿ ಊಟದ ಹೊತ್ತಿನಲ್ಲಿ ನಾವೆಲ್ಲ ಮಾತನಾಡಿದೆವು. ನಾವೇಕೆ ಮಾಂಸ ತಿನ್ನುವುದಿಲ್ಲ ಎಂದು ಅವನು ಮೊದಲ ಸಲ ನಿಜವಾಗಿ ಕೇಳಿದ. ಹಾಗೆಯೇ ರೂಢಿ ಎಂದು ಹೇಳಿ ಮುಗಿಸಲು ಆ ದಿನ ನನಗೆ ಆಗಲಿಲ್ಲ. ಆ ಮೇಕೆ ನನ್ನಿಂದ ಒಳ್ಳೆಯ ಉತ್ತರವನ್ನು ಬೇಡಿತ್ತು.

ಮನುಷ್ಯರಿಗೆ ಜೀವ ತುಂಬಿದ ಮೇಲೆ ಆರ್ಕ್‌ಗೆ ಪ್ರಾಣಿಗಳ ಮಾತು ತಿಳಿಯದಾಗುತ್ತದೆ. ನಿನ್ನೆಯವರೆಗೆ ಗೆಳೆಯನಾಗಿದ್ದ ಸಿಂಹದ ಮರಿ ಇಂದು ಬರಿಯ ಸಿಂಹ. ಮನುಷ್ಯರ ಊರುಗಳು ಅವನ ನೆರವಿನಿಂದ ಬೆಳೆಯುತ್ತವೆ. ದೂರವಾಣಿ ಬರುತ್ತದೆ, ವಿಮಾನ ಬರುತ್ತದೆ. ಜೊತೆಗೆ ದುರಾಸೆಯೂ ಬರುತ್ತದೆ. ಇಷ್ಟೆಲ್ಲ ಮಾಡಿದವನಿಗೆ ಕೊನೆಯಲ್ಲಿ ಸಿಗುವುದೇನು? ಪಾತಾಳವನ್ನು ಆಳುವ ಕೇಡಿನ ಶಕ್ತಿಯನ್ನು ಅವನು ಸೋಲಿಸಬೇಕು. ಆ ಶಕ್ತಿ ಅಳಿದರೆ ಅದರಿಂದಲೇ ಉಂಟಾದ ಪಾತಾಳ, ಅವನ ಊರು, ಅವನು ಎಲ್ಲವೂ ಅಳಿಯಬೇಕು. ಅದನ್ನು ತಿಳಿದೇ ಅವನು ಕೆಲಸವನ್ನು ಮುಗಿಸುತ್ತಾನೆ. ತನ್ನ ಊರಿನಲ್ಲಿ ಕಳೆಯಲು ಒಂದೇ ಒಂದು ದಿನ ದೊರೆಯುತ್ತದೆ. ಆ ದಿನ ರಾಕ್ಷಸರಿಲ್ಲ, ಕತ್ತಿಯಿಲ್ಲ. ಪರಿಚಿತರ ಮನೆಗಳಿಗೆ ಹೋಗಿ ಮಾತನಾಡಿ ಬರುವುದಷ್ಟೇ. ರಾತ್ರಿ ಮಲಗಿದವನು ಹಕ್ಕಿಯಾಗಿ ತಾನು ಜೀವ ತುಂಬಿದ ಭೂಮಿಯ ಮೇಲೆ ಹಾರುವ ಕನಸನ್ನು ಕಾಣುತ್ತಾನೆ.

ಮೊಮ್ಮಗ ಆ ಊರಿನಲ್ಲಿ ಒಂದೊಂದು ಮನೆಗೂ ಎರಡೆರಡು ಸಲ ಹೋದ. ಮಲಗುವ ಗುಂಡಿಯನ್ನು ಒತ್ತಲು ಅವನಿಗೆ ಮನಸ್ಸು ಬರಲಿಲ್ಲ. ಕಾಯಕವೆಂದರೆ ಏನು ಎಂದು ಮೂವತ್ತೆಂಟು ವರ್ಷ ತರಗತಿಗಳಲ್ಲಿ ವಿವರಿಸಿದವನು ನಾನು. ಫಲದ ಲೆಕ್ಕವಿಡದೆ ದುಡಿಯುವುದು, ದುಡಿದುದನ್ನು ಲೋಕಕ್ಕೆ ಒಪ್ಪಿಸುವುದು ಎಂದು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಆ ಹುಡುಗನ ಕಣ್ಣಂಚಿನಲ್ಲಿದ್ದ ನೀರು ಆ ಅರ್ಥವನ್ನು ನನಗಿಂತ ಚೆನ್ನಾಗಿ ತಿಳಿದಿತ್ತು. ಈ ಆಟ ಮಾಡಿದವರಿಗೆ ಶರಣರ ಹೆಸರು ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮಾತು ಯಾವ ಊರಿನಿಂದ ಬಂದರೂ ನಮ್ಮವರದು ಎಂದು ತಿಳಿಯುವುದು ಶರಣಧರ್ಮಕ್ಕೆ ಹೊರತಾದುದಲ್ಲ ಎಂದಷ್ಟೇ ನನ್ನ ಭಾವನೆ.

ಊರಿಗೆ ಮರಳುವ ಹಿಂದಿನ ಭಾನುವಾರ ಮಗ ನಮ್ಮನ್ನು ಲಂಡನ್ನಿಗೆ ಕರೆದೊಯ್ದ. ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ನಮಸ್ಕರಿಸಿ, ಹತ್ತಿರದ ಬೆಂಚಿನ ಮೇಲೆ ಕುಳಿತು ರೊಟ್ಟಿಯ ಬುತ್ತಿ ಬಿಚ್ಚಿದೆವು. ಅಲ್ಲಿ ನಾನು ಮಗನನ್ನು ಕೇಳಿದೆ: ‘ಆ ನೋಟುಪುಸ್ತಕದ ಹಾಳೆಗಳಲ್ಲಿ ಏನಿತ್ತು?’ ಯಾವ ನೋಟುಪುಸ್ತಕ ಎಂದು ಅವನು ಕೇಳಲಿಲ್ಲ. ಮಾವ ತಂದ ಕ್ಯಾಸೆಟ್ಟುಗಳಲ್ಲಿ ಒಂದು ಆಟ ಜಪಾನಿ ಅಕ್ಷರಗಳಲ್ಲಿತ್ತಂತೆ. ಗೆರೆಗಳು, ಚೌಕಗಳು ಆ ಆಟದ ಊರುಗಳ ನಕ್ಷೆ. ಚಿಹ್ನೆಗಳು ಜಪಾನಿ ಅಕ್ಷರಗಳು. ಯಾವ ಅಕ್ಷರ ಬಂದಾಗ ಬಾಗಿಲು ತೆರೆಯುತ್ತದೆ, ಯಾವುದು ಬಂದಾಗ ಗಾಯ ವಾಸಿಯಾಗುತ್ತದೆ ಎಂದು ಬರೆದಿಟ್ಟು, ಅರ್ಥವನ್ನು ತಾನೇ ಊಹಿಸುತ್ತಿದ್ದನಂತೆ. ‘ಹಳೆಯ ಶಾಸನಗಳನ್ನು ಹ್ಯಾಂಗ ಓದಿದರು ಅಂತ ಅದೇ ವರ್ಷ ನೀವು ಕ್ಲಾಸಿನಾಗ ಹೇಳಿದ್ರಿ. ಪೂರ್ತಿ ಆದ ಮ್ಯಾಲ ನಿಮಗ ತೋರಿಸಬೇಕು ಅಂತಿದ್ದೆ’ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕೈಯ ರೊಟ್ಟಿ ಕೈಯಲ್ಲಿಯೇ ಉಳಿಯಿತು. ಲಿಪಿಯೊಂದನ್ನು ಒಡೆದು ಓದಲು ಹೊರಟಿದ್ದ ಶಿಷ್ಯನ ಹಾಳೆಗಳನ್ನು ಹರಿದ ಭಾಷಾ ಶಿಕ್ಷಕ ನಾನು. ‘ತಪ್ಪಾಯಿತಪ್ಪಾ’ ಎಂದೆ. ಮೂವತ್ತು ವರ್ಷ ತಡವಾಗಿತ್ತು. ಆದರೂ ಹೇಳಿದೆ.

ಇನ್ನು ಪಾಲಕರಿಗೆ ನನ್ನ ಅರಿಕೆ. ಎಲ್ಲ ಆಟಗಳೂ ಒಳ್ಳೆಯವಲ್ಲ. ರಕ್ತವನ್ನೇ ಚೆಲ್ಲಾಡುವ, ಹಣ ಕಟ್ಟಿಸಿಕೊಳ್ಳುತ್ತ ಮುಗಿಯದೆ ಬೆಳೆಯುವ ಆಟಗಳಿಂದ ಮಕ್ಕಳನ್ನು ದೂರವಿಡಬೇಕು. ಈ ಹಳೆಯ ಆಟಗಳ ದೊಡ್ಡ ಗುಣವೆಂದರೆ ಅವುಗಳಿಗೆ ಕೊನೆಯಿದೆ. ಕಾದಂಬರಿಯೊಂದನ್ನು ಓದಿ ಮುಗಿಸಿದಂತೆ ಮುಗಿಸಿ, ಮುಚ್ಚಿಟ್ಟು ಏಳಬಹುದು. ಹತ್ತು ವರ್ಷ ದಾಟಿದ ಮಕ್ಕಳಿಗೆ ಸೋಲ್ ಬ್ಲೇಜರ್‌ನಿಂದ ಆರಂಭಿಸುವುದು ಸುಲಭ. ಟೆರಾನಿಗ್ಮಾದಲ್ಲಿ ಸಾವಿನ, ದುಃಖದ ಸನ್ನಿವೇಶಗಳು ಇರುವುದರಿಂದ ಹಿರಿಯರು ಜೊತೆಗಿರಲೇಬೇಕು. ಹೊಸ ಯಂತ್ರವುಳ್ಳವರು ಮೂನ್ ಅನ್ನು, ಆಕ್ಟ್‌ರೇಸರ್‌ನ 2021ರ ರೂಪವನ್ನು ನೋಡಬಹುದು. ಹಳೆಯ ಕ್ಯಾಸೆಟ್ಟು ಕೊಳ್ಳುವವರು ಅದರ ಬ್ಯಾಟರಿಯನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ನಮ್ಮ ಮಗನ ಮನೆಯಲ್ಲಿ ನಾವು ಪಾಲಿಸಿದ ಕಟ್ಟಳೆ ಮೂರೇ. ಲಿಂಗಪೂಜೆ ಮತ್ತು ಶಾಲೆಯ ಪಾಠ ಮುಗಿದ ಮೇಲೆ ಆಟ. ದಿನಕ್ಕೆ ಒಂದು ಗಂಟೆ ಮಾತ್ರ. ಆಡುವವನು ಒಬ್ಬನಾದರೂ ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತಿರಬೇಕು. ಮೂರನೆಯದನ್ನು ಪಾಲಿಸಿದರೆ ಮೊದಲ ಎರಡು ತಾವಾಗಿಯೇ ನಡೆಯುತ್ತವೆ. ಮೂರನೆಯದೇ ನಮ್ಮಂಥ ಹಿರಿಯರಿಗೆ ಕಠಿಣವಾದದ್ದು. ಬೀಗ ಹಾಕಲು ಒಂದು ಗಳಿಗೆ ಸಾಕು, ಜೊತೆಗೆ ಕೂರಲು ಸಂಜೆಗಳು ಬೇಕು.

ಬೀರುವಿಗೆ ಬೀಗ ಹಾಕುವ ಅಗತ್ಯ ಬಿದ್ದೇ ಬಿದ್ದೀತು. ಹಾಕಬೇಕಾದಾಗ ಹಾಕಿರಿ. ಅದಕ್ಕೆ ಮೊದಲು, ಮಗುವಿನ ನೋಟುಪುಸ್ತಕದ ಕೊನೆಯ ಹಾಳೆಗಳಲ್ಲಿ ಏನು ಬರೆದಿದೆ ಎಂದು ಅದನ್ನೇ ಕೂರಿಸಿಕೊಂಡು ಕೇಳಿರಿ.